ದೊಡ್ಡ ಗಾಳ ಮನೆಯಲ್ಲೇ ಇರಲಿ

ಹೆಂಡತಿ ಮಕ್ಕಳ ಸಮೇತ ಹೊಳೆಗೆ ಗಾಳ ಹಾಕಲು ಹೋದವರು ಬರಿಗೈಲಿ ಬಂದರೆ "ಈಗೆಲ್ಲಿ ಮೀನು, ಹೊಳೆ ಹಾಳಾಯ್ತು" ಅನ್ನುತ್ತಾರೆ. ಹೊಳೆ ಹಾಳಾಗಿರುವುದು ನಿಜ. ಆದರೆ ಅವತ್ತು ಮೀನು ಸಿಗದಿದ್ದಕ್ಕೆ ಕಾರಣ ಮಾತ್ರ ಬಹುಪಾಲು ಗಾಳದ ಗಾತ್ರ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ 120 ಪೌಂಡಿನ ಮಹಸೀರ್ ಕಥೆ ತಲೆಯಲ್ಲಿ ಕೂತಿರುತ್ತದೆ. ಅದಕ್ಕೆ ತಕ್ಕ ರಾಡು, ರೀಲು, ಆನೆ ಕಟ್ಟುವಂಥ ದಾರ. ದಂಡೆಯಲ್ಲಿ ಓಡಾಡುವುದು ಬೆರಳುದ್ದದ ಸಸಲು, ಅಂಗೈಯಗಲದ ಜಿಲೇಬಿ (ತಿಲಾಪಿಯಾ), ಗೆಂಡೆಯಂಥ ಸಣ್ಣ ಮೀನು. ಅವುಗಳ ಬಾಯಿಗೆ ಆ ಗಾಳ ಹಿಡಿಸುವುದೇ ಇಲ್ಲ. ಅರ್ಧ ಗಂಟೆಗೆ ಮಕ್ಕಳು ಬೇಜಾರಾಗಿ ಮೊಬೈಲ್ ಕೇಳುತ್ತಾರೆ.

ಅಂಗಡಿಯಲ್ಲಿ 10 ಅಥವಾ 12ನೇ ನಂಬರಿನ ಗಾಳ ಕೇಳಿ. ನಂಬರ್ ಹೆಚ್ಚಿದಷ್ಟೂ ಗಾಳ ಸಣ್ಣದು, ಇದನ್ನು ತಿರುಗಾಮುರುಗಾ ತಿಳಿದು 2ನೇ ನಂಬರ್ ತರುವವರೇ ಜಾಸ್ತಿ. ದೊಡ್ಡವರ ಕೋಲಿಗೆ ಬೇಕಾದರೆ 6. ದಾರ 0.20 ಮಿಲಿಮೀಟರ್ ನೈಲಾನ್ ಸಾಕು. ಅರ್ಧ ಕೆಜಿ ಮೀನನ್ನು ಆರಾಮಾಗಿ ತಡೆಯುತ್ತದೆ. ಕೋಲಿಗೆ ಎಂಟು ಹತ್ತು ಅಡಿಯ ಒಣಗಿದ ತೆಳು ಬಿದಿರು. ಮಲೆನಾಡಿನವರಿಗೆ ವಾಟೆ ಬಿದಿರು ಸಿಕ್ಕರೆ ಅದಕ್ಕಿಂತ ಹಗುರವಾದದ್ದಿಲ್ಲ. ದಾರ ಕೋಲಿಗಿಂತ ಒಂದು ಗೇಣು ಕಮ್ಮಿ ಇರಲಿ. ಉದ್ದ ಬಿಟ್ಟರೆ ಮಗು ಕೋಲೆತ್ತಿದಾಗ ಗಾಳ ಕೈಗೆ ಬರುವ ಬದಲು ಹಿಂದೆ ನಿಂತವರ ಕಿವಿಗೆ ಬರುತ್ತದೆ.

ಗಂಟು ಹಾಕುವಾಗ ದಾರವನ್ನು ಗಾಳದ ಕಣ್ಣಲ್ಲಿ ತೂರಿಸಿ, ತುದಿಯನ್ನು ದಾರದ ಮೇಲೇ ಐದಾರು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಹತ್ತಿರದ ಕುಣಿಕೆಯೊಳಗೆ ಹಾಯಿಸಿ, ಎಂಜಲು ಹಚ್ಚಿ ನಿಧಾನಕ್ಕೆ ಬಿಗಿಯಿರಿ. ಒಣ ನೈಲಾನ್ ಉಜ್ಜಿದರೆ ಬಿಸಿಯಾಗಿ ಅಲ್ಲೇ ಸೊರಗುತ್ತದೆ. ಗಾಳ ಕಳೆದುಕೊಂಡಾಗ ದಾರದ ತುದಿ ನೋಡಿ: ಹಂದಿ ಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ, ಒರಟಾಗಿ ಕಿತ್ತಿದ್ದರೆ ಕಲ್ಲಿಗೆ ಉಜ್ಜಿದೆ.

ನೀರಲ್ಲಿ ತೇಲಿ ಮೀನು ಕಚ್ಚಿದ್ದು ತೋರಿಸುವ ಬೆಂಡಿಗೆ ಒಣಗಿದ ಜೋಳದ ದಂಟು ಅಥವಾ ಹಳೇ ಹವಾಯಿ ಚಪ್ಪಲಿಯ ತುಂಡು. ಅದನ್ನು ಸೈಕಲ್ಲಿನ ವಾಲ್ ಟ್ಯೂಬಿನ ಚೂರಿನಿಂದ ದಾರಕ್ಕೆ ಕಚ್ಚಿಸಿದರೆ ಮೇಲೆ ಕೆಳಗೆ ಸರಿಸಬಹುದು. ಗಾಳದಿಂದ ಅರ್ಧ ಗೇಣು ಮೇಲೆ ಸೀಸದ ಗುಂಡು, ಇಕ್ಕಳದಲ್ಲಿ ಒತ್ತಿ. ಸೀಸ ವಿಷ, ಹಲ್ಲಲ್ಲಿ ಕಚ್ಚಬೇಡಿ. ಬೆಂಡು ನೆಟ್ಟಗೆ ನಿಂತು ಒಂದಂಗುಲ ಮಾತ್ರ ಕಾಣಬೇಕು. ಅಡ್ಡ ಮಲಗಿತೆಂದರೆ ಗುಂಡು ತಳ ಮುಟ್ಟಿದೆ ಅಥವಾ ಭಾರ ಸಾಲದು. ಇದೊಂದನ್ನು ಸರಿ ಮಾಡಲು ಹತ್ತು ನಿಮಿಷ ಕೊಡಿ. ಬೆಂಡು ಸರಿಯಿಲ್ಲದೆ ಮೀನು ಕಚ್ಚಿದ್ದೇ ಗೊತ್ತಾಗುವುದಿಲ್ಲ.

ಗಾಳಕ್ಕೆ ಸಿಕ್ಕಿಸಲು ಎರೆಹುಳುವಿಗಿಂತ ಒಳ್ಳೆಯದಿಲ್ಲ. ತಿಪ್ಪೆ ಪಕ್ಕದ ಹಸಿ ಮಣ್ಣಲ್ಲಿ ಸಿಗುವಂಥವನ್ನು ಅದೇ ಮಣ್ಣಿನ ಸಮೇತ ತೆಂಗಿನ ಚಿಪ್ಪಿನಲ್ಲಿಟ್ಟು ನೆರಳಲ್ಲಿಡಿ. ಇಡೀ ಹುಳ ಪೋಣಿಸಿ ಬಾಲ ಜೋತು ಬಿಟ್ಟರೆ ಸಸಲು ಬಾಲ ತಿಂದು ಹೋಗುತ್ತದೆ. ಗಾಳ ಮುಚ್ಚುವಷ್ಟು ತುಂಡು ಸಾಕು. ಹುಳ ಮುಟ್ಟಲು ಹೇಸುವವರಿಗೆ ಹಿಟ್ಟು. ಬರೀ ರಾಗಿ ಹಿಟ್ಟಿಗೆ ಜಿಗುಟಿಲ್ಲ, ನೀರಿಗೆ ಬಿದ್ದೊಡನೆ ಬಿಚ್ಚಿಕೊಳ್ಳುತ್ತದೆ. ಎರಡು ಹಿಡಿ ರಾಗಿಗೆ ಒಂದು ಹಿಡಿ ಗೋಧಿ ಹಿಟ್ಟು, ಚಿಟಿಕೆ ಕಡಲೆಕಾಯಿ ಹಿಂಡಿ ಸೇರಿಸಿ, ಗಟ್ಟಿ ಮುದ್ದೆಯಂತೆ ಬೇಯಿಸಿ ನಾದಿ. ಕಡಲೆಕಾಳಿನಷ್ಟು ಉಂಡೆ ಸಾಕು. ಮೀನನ್ನು ಹತ್ತಿರಕ್ಕೆ ಸೆಳೆಯಲು ಮಂಡಕ್ಕಿ ಎರಚುವವರಿದ್ದಾರೆ, ಅದು ತೇಲಿಕೊಂಡು ಮುಂದಿನೂರಿನ ಮೀನಿಗೆ ಹೋಗುತ್ತದೆ. ತೌಡನ್ನು ಜೇಡಿಮಣ್ಣಿಗೆ ಕಲಸಿ ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಬೆಂಡಿನ ಬುಡಕ್ಕೇ ಹಾಕಿ.

ಬೆಂಡು ನಡುಗಿದ ಕೂಡಲೇ ಎಳೆಯಬೇಡಿ. ಪಕ್ಕಕ್ಕೆ ಸರಿದಾಗ, ಮುಳುಗಿದಾಗ, ಅಥವಾ ಇದ್ದಕ್ಕಿದ್ದಂತೆ ಮೇಲೆದ್ದು ಮಲಗಿದಾಗ ಮಣಿಕಟ್ಟಿನಿಂದ ಅರ್ಧ ಅಡಿ ಮಿಡಿದರೆ ಸಾಕು. ತಲೆ ಮೇಲೆ ಬೀಸಿದರೆ ಮೀನು ಹೊಂಗೆ ಮರದಲ್ಲಿ.

ಜಾಗದ ವಿಷಯದಲ್ಲಿ ರಾಜಿ ಬೇಡ. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರು ಮುಂದಿನ ಹೆಜ್ಜೆಗೆ ಆಳುದ್ದ ಆಗುತ್ತದೆ. ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ, ಆ ಊರಿನ ಬೆಸ್ತರನ್ನೇ ಕೇಳಿ. ಅಲ್ಲಿ ಮೀನು ಹಿಡಿಯುವ ಹಕ್ಕು ಟೆಂಡರ್ ಆಗಿದೆಯೇ ಎಂಬುದನ್ನೂ ಅವರೇ ಹೇಳುತ್ತಾರೆ. ಕೆಆರ್‌ಎಸ್‌ನಂಥ ಅಣೆಕಟ್ಟಿನ ಕೆಳಗೆ ಕೂತರೆ ಮಳೆಯಿಲ್ಲದೆಯೂ ನೀರು ಏರಬಹುದು. ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಕಾಲು ಗಂಟೆಗೊಮ್ಮೆ ನೋಡಿ. ಕಡ್ಡಿ ಮುಳುಗುತ್ತಿದ್ದರೆ, ನೊರೆ, ತರಗೆಲೆ ಹರಿದು ಬರತೊಡಗಿದರೆ, ಮೊದಲು ಮಕ್ಕಳನ್ನು ಮೇಲೆ ಹತ್ತಿಸಿ, ಸಾಮಾನು ಆಮೇಲೆ. ರಂಗನತಿಟ್ಟಿನ ಆಸುಪಾಸಿನ ಕಾವೇರಿಯಲ್ಲೂ ದಾಂಡೇಲಿಯ ಕಾಳಿಯಲ್ಲೂ ಮೊಸಳೆಗಳಿವೆ. ಅಂಥ ಹೊಳೆಗಳಲ್ಲಿ ನೀರಿಗಿಳಿಯುವುದಾಗಲಿ ದಂಡೆಯಲ್ಲಿ ಮೀನು ಹಸನು ಮಾಡುವುದಾಗಲಿ ಬೇಡ. ಪಕ್ಷಿಧಾಮದಲ್ಲೂ, ಶೃಂಗೇರಿ, ಶಿಶಿಲ, ರಾಮನಾಥಪುರದ ದೇವರ ಮೀನಿರುವ ಜಾಗಗಳಲ್ಲೂ ಗಾಳದ ಮಾತೇ ಇಲ್ಲ. ಜೂನ್-ಜುಲೈ ಮೀನು ಮೊಟ್ಟೆಯಿಡುವ ಕಾಲ, ನೀರೂ ಕೆಂಪು. ನೀರು ತಿಳಿಯಾಗುವ ಅಕ್ಟೋಬರಿನಿಂದ ಫೆಬ್ರುವರಿವರೆಗೆ, ಬೆಳಗ್ಗೆ ಆರರಿಂದ ಒಂಬತ್ತು ಒಳ್ಳೆ ಹೊತ್ತು.

ಸಣ್ಣ ಗಾಳಕ್ಕೂ ಚೇಳು ಮೀನು ಬೀಳುತ್ತದೆ. ಅದನ್ನು ಬರಿಗೈಲಿ ಮುಟ್ಟಬಾರದು, ಒದ್ದೆ ಬಟ್ಟೆಯಲ್ಲಿ ಒತ್ತಿ ಹಿಡಿದು ಇಕ್ಕಳದಿಂದ ಗಾಳ ಬಿಡಿಸಿ. ಅದರ ರೆಕ್ಕೆಯ ನಂಜಿನ ಮುಳ್ಳು ಚುಚ್ಚಿದರೆ ಚರ್ಮ ಸುಡದ, ತಡೆಯುವಷ್ಟು ಬಿಸಿ ನೀರಲ್ಲಿ ಕೈಯನ್ನು ಅರ್ಧ ಗಂಟೆಗೂ ಹೆಚ್ಚು ಇಡಬೇಕು, ಶಾಖಕ್ಕೆ ಆ ನಂಜು ಇಳಿಯುತ್ತದೆ. ಊತ ಏರಿದರೆ ಆಸ್ಪತ್ರೆಗೆ ಹೋಗಿ. ಜಿಲೇಬಿಯ ಬೆನ್ನು ಮುಳ್ಳನ್ನು ತಲೆಯಿಂದ ಬಾಲದ ಕಡೆಗೆ ಸವರಿ ಮಡಚಿ ಹಿಡಿದರೆ ಚುಚ್ಚುವುದಿಲ್ಲ. ಗಾಳದ ತುದಿಯ ಎದುರುಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿಡಿ. ಒಂದೆರಡು ಮೀನು ತಪ್ಪಿಸಿಕೊಂಡಾವು, ಆದರೆ ಮಗುವಿನ ಬೆರಳಿಗೆ ಹೊಕ್ಕ ಗಾಳ ಸುಲಭಕ್ಕೆ ಹೊರಬರುತ್ತದೆ.

ಜಿಲೇಬಿ ಹೊರಗಿನಿಂದ ಬಂದ ತಳಿ, ಎಷ್ಟು ಸಿಕ್ಕರೂ ಸಾರಿಗೆ ಹಾಕಿ. ಮಹಸೀರ್ ಮರಿ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ನೀರಲ್ಲೇ ಬಿಡಿಸಿ ಬಿಟ್ಟುಬಿಡಿ. ಕಾವೇರಿಯ ಗೂನುಬೆನ್ನಿನ ಮಹಸೀರ್ 2018ರಿಂದ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಹೊರಡುವಾಗ ತುಂಡಾದ ದಾರವನ್ನೆಲ್ಲ ಬೆರಳಿಗೆ ಸುತ್ತಿ ಜೇಬಿಗೆ ಹಾಕಿ. ದಂಡೆಯಲ್ಲಿ ಬಿಟ್ಟರೆ ಕೊಕ್ಕರೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಉಳಿದ ಎರೆಹುಳುಗಳನ್ನು ಹಸಿ ಮಣ್ಣಿಗೆ ಸುರಿಯಿರಿ.