ಪರ-ವಿರೋಧ: 1990ರಲ್ಲಿ ಶ್ರೀಲಂಕಾದಿಂದ ನಮ್ಮ ಸೇನೆ ವಾಪಸ್ ಬಂದಿದ್ದು ಸರಿಯೇ?

ಪರ: ಯಾರಿಗೂ ಬೇಡವಾದ ಮೇಲೆ ಇರುವುದು ಯಾಕೆ?

ಸೋಮವಾರಪೇಟೆ ಕಡೆ ನಮ್ಮ ಊರು. ಅಲ್ಲಿ ಮನೆಗೊಬ್ಬರು ಸೇನೆಯಲ್ಲಿ ಇರುತ್ತಾರೆ, ಅದೇನು ದೊಡ್ಡ ವಿಷಯವಲ್ಲ. ನಮ್ಮ ಸೋದರಮಾವ ಸೇನೆಯಲ್ಲಿ ಲಾರಿ ಡ್ರೈವರ್. 1988ರಲ್ಲಿ ಅವರಿಂದ ಇನ್‌ಲ್ಯಾಂಡ್ ಪತ್ರಗಳು ಬರುತ್ತಿದ್ದವು. ವಿಳಾಸದ ಜಾಗದಲ್ಲಿ ‘ಕೇರಾಫ್ 56 ಎಪಿಒ’ ಅಂತ ಅಷ್ಟೇ. ಅಜ್ಜಿ ಪೋಸ್ಟ್‌ಮನ್ ಹತ್ತಿರ ಕೇಳುತ್ತಿದ್ದರು, “ಈ ಐವತ್ತಾರು ಅಂದ್ರೆ ಯಾವ ಊರಪ್ಪಾ?” ಅವನಿಗೂ ಗೊತ್ತಿರಲಿಲ್ಲ. ಅದು ಸೇನೆಯ ಅಂಚೆ ಕಚೇರಿಯ ನಂಬರ್ ಅಷ್ಟೇ. ಮಾವ ಇದ್ದಿದ್ದು ಶ್ರೀಲಂಕಾದ ವವುನಿಯಾದಲ್ಲಿ. ಅಲ್ಲಿಂದ ಜಾಫ್ನಾ ಕಡೆಗೆ ರೇಷನ್ ಲಾರಿ ಓಡಿಸುತ್ತಿದ್ದರು.

ಶ್ರೀಲಂಕಾ ಅಂದರೆ ಆಗ ನಮಗೆ ರೇಡಿಯೋ ಸಿಲೋನ್. ಹಾಡು ಬರುವ ಊರು. ಅಲ್ಲಿ ನಮ್ಮವರು ಸಾಯುತ್ತಿದ್ದಾರೆ ಅನ್ನುವುದು ತಲೆಗೆ ಹೋಗಲು ಬಹಳ ದಿನ ಬೇಕಾಯಿತು.

ಹೋದ ಕಥೆ ಎಲ್ಲರಿಗೂ ಗೊತ್ತಿರುವುದೇ. 1987ರ ಜುಲೈ 29ರಂದು ಕೊಲಂಬೋದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ, ಅಲ್ಲಿನ ಸರ್ಕಾರಕ್ಕೂ ಪ್ರತ್ಯೇಕ ದೇಶ ಕೇಳುತ್ತಿದ್ದ ತಮಿಳು ಹುಲಿಗಳಿಗೂ (ಎಲ್‌ಟಿಟಿಇ) ನಡೆಯುತ್ತಿದ್ದ ಯುದ್ಧ ನಿಲ್ಲಿಸಲು ಒಪ್ಪಂದಕ್ಕೆ ಸಹಿ ಹಾಕಿದರು. ಮಾರನೆಯ ದಿನವೇ ಗೌರವ ವಂದನೆಯ ಸಾಲಿನಲ್ಲಿ ನಿಂತಿದ್ದ ಒಬ್ಬ ನಾವಿಕ ಬಂದೂಕಿನ ಹಿಂಬದಿಯಿಂದ ರಾಜೀವ್‌ಗೆ ಹೊಡೆದ. ಬಂದ ನೆಂಟನಿಗೆ ಹೊಸ್ತಿಲಲ್ಲೇ ಹೊಡೆತ. ಆಗಲೇ ಅರ್ಥವಾಗಬೇಕಿತ್ತು. ಆಗಲಿಲ್ಲ.

ಶುರುವಿನಲ್ಲಿ ಜಾಫ್ನಾದ ತಮಿಳರು ನಮ್ಮ ಸೈನಿಕರಿಗೆ ಹಾರ ಹಾಕಿದರು, ಅದು ನಿಜ. ಹುಲಿಗಳು ಬಂದೂಕು ಒಪ್ಪಿಸುತ್ತಾರೆ, ನಮ್ಮವರು ನೋಡಿಕೊಂಡು ಬರುತ್ತಾರೆ ಅನ್ನುವುದು ಲೆಕ್ಕ. ಆ ಹುಲಿಗಳಿಗೆ ಮೊದಲು ತರಬೇತಿ ಕೊಟ್ಟವರು ಯಾರು? ನಾವೇ. ಸೆಪ್ಟೆಂಬರ್‌ನಲ್ಲಿ ಹುಲಿಗಳ ಮುಖಂಡ ತಿಲೀಪನ್ ಉಪವಾಸ ಕೂತು ಸತ್ತ. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದ ಹುಲಿ ನಾಯಕರು ಸಯನೈಡ್ ನುಂಗಿದರು. ಆಮೇಲೆ ಯುದ್ಧವೇ. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿಯಲ್ಲಿ ಬದುಕಿದ್ದು ಒಬ್ಬ. ಅದಾಗಿ ಹತ್ತು ದಿನಕ್ಕೆ, ದೀಪಾವಳಿ ದಿನ, ಜಾಫ್ನಾದ ದೊಡ್ಡಾಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ರೋಗಿಗಳು, ಡಾಕ್ಟರ್‌ಗಳು, ನರ್ಸ್‌ಗಳು ಸತ್ತರು. ಇದನ್ನು ಬರೆಯಲು ನನಗೂ ಕಷ್ಟವಾಗುತ್ತದೆ. ಆದರೆ ಬರೆಯದೆ ಬಿಟ್ಟರೆ, ಹಾರ ಹಾಕಿದ ಜನ ಯಾಕೆ ಮುಖ ತಿರುಗಿಸಿದರು ಅಂತ ತಿಳಿಯುವುದಿಲ್ಲ.

ಹೀಗೆ ತಮಿಳರಿಗೆ ನಾವು ಬೇಡವಾದೆವು. ಸಿಂಹಳರಿಗಂತೂ ಮೊದಲ ದಿನದಿಂದಲೂ ಬೇಡ. ಅಲ್ಲಿನ ದಕ್ಷಿಣದಲ್ಲಿ ಜೆವಿಪಿ ಅನ್ನುವ ಸಿಂಹಳ ಎಡಪಂಥೀಯ ಪಕ್ಷ ದಂಗೆ ಎದ್ದಿದ್ದಕ್ಕೆ ನಮ್ಮ ಸೇನೆಯೂ ಒಂದು ಕಾರಣ. ಭಾರತದ ಸಾಮಾನು ಕೊಳ್ಳಬೇಡಿ ಅಂತ ಅವರು ಜನಕ್ಕೆ ಹುಕುಂ ಹೊರಡಿಸಿದರು. (ಅಲ್ಲಿ ಮಸೂರ್ ಬೇಳೆಗೆ ‘ಮೈಸೂರು ಪರಿಪ್ಪು’ ಅಂತಾರೆ. ಪಾಪ, ಆ ಬೇಳೆ ಏನು ಮಾಡಿತ್ತೋ!) ಅಧ್ಯಕ್ಷ ಪ್ರೇಮದಾಸ 1989ರ ಜುಲೈ 29ರೊಳಗೆ ಜಾಗ ಖಾಲಿ ಮಾಡಿ ಅಂದರು. ಅಷ್ಟೇ ಅಲ್ಲ, ನಮ್ಮ ಮೇಲೆ ಹೋರಾಡಲಿ ಅಂತ ಹುಲಿಗಳಿಗೇ ಬಂದೂಕು ಕೊಟ್ಟರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಬಡವಾಗಿದ್ದು ಪಂಚಾಯ್ತಿಗೆ ಹೋದ ಪಕ್ಕದ ಮನೆಯವನು. ಗಂಡ ಹೆಂಡತಿ ಒಂದಾಗಿ ಅವನಿಗೇ ಬಾರಿಸಿದರು.

ತಮಿಳರಿಗೆ ಬೇಡ, ಸಿಂಹಳರಿಗೆ ಬೇಡ, ಸರ್ಕಾರಕ್ಕೆ ಬೇಡ, ಹುಲಿಗಳಿಗೆ ಬೇಡ. ಮತ್ತೆ ಯಾರಿಗೆ ಬೇಕಿತ್ತು?

ನಮಗೆ ಬೇಕಿತ್ತಾ? ಅದನ್ನೂ ಕೇಳೋಣ. ಆ ಹೊತ್ತಿಗೆ ಅಲ್ಲಿ ನಮ್ಮ 70 ಸಾವಿರಕ್ಕೂ ಹೆಚ್ಚು ಸೈನಿಕರು ಇದ್ದುಬಂದಿದ್ದರು. 1989ರ ನವೆಂಬರ್‌ನಲ್ಲಿ ಲೋಕಸಭೆ ಚುನಾವಣೆ ಬಂತು. ನಮ್ಮ ಊರಿಗೂ ಜೀಪುಗಳು ಬಂದವು, ಮೈಕಿನಲ್ಲಿ ಬೊಫೋರ್ಸ್, ಬೊಫೋರ್ಸ್ ಅಂತ ಕೂಗಿದವು. ಶ್ರೀಲಂಕಾ ಅನ್ನುವ ಮಾತು ನಾನು ಒಂದು ಸಲವೂ ಕೇಳಲಿಲ್ಲ. ತಮಿಳುನಾಡಿನಲ್ಲಿ ಮಾತು ಬೇರೆ, ಅಲ್ಲಿ ರೋಷವಿತ್ತು. ಹೊಸೂರು ದಾಟಿ ಈಚೆಗೆ ಬಂದರೆ ಜನಾಭಿಪ್ರಾಯ ಅನ್ನುವುದೇ ಇರಲಿಲ್ಲ. ಯಾರ ಮನೆಯ ಹುಡುಗ ಅಲ್ಲಿದ್ದನೋ ಅವರಿಗೆ ಮಾತ್ರ ಅಭಿಪ್ರಾಯವಿತ್ತು. ನಮ್ಮ ಅಜ್ಜಿಗೆ ಇತ್ತು. “ಯಾರದ್ದೋ ಜಗಳ, ನನ್ನ ಮಗ ಯಾಕೆ ಹೋಗಬೇಕು?” ಇದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ನಾವು ಬಂದ ಮೇಲೆ ಅಲ್ಲಿ ಏನಾಯಿತು ನೋಡಿ ಅಂತ ಕೆಲವರು ಕೇಳುತ್ತಾರೆ. ಇಂಥವರಿಗೆ ಇನ್ನೊಬ್ಬರ ಮಕ್ಕಳನ್ನು ಇನ್ನೂ ಹತ್ತು ವರ್ಷ ಅಲ್ಲಿಡುವುದು ಸುಲಭ, ಸೋಫಾ ಮೇಲೆ ಕೂತು ಹೇಳುವುದು ತಾನೆ! 32 ತಿಂಗಳಲ್ಲಿ ಹತ್ತಿರಹತ್ತಿರ 1,200 ಮಂದಿ ಸತ್ತರು. ಅದು ಸಾಲದಾ?

ಮಾವ 1990ರ ಮಾರ್ಚ್‌ನಲ್ಲಿ ಬಂದರು. ಕೊನೆಯ ತುಕಡಿಗಳು ತ್ರಿಕೋನಮಲೆಯಿಂದ ಹಡಗು ಹತ್ತಿದ್ದು ಆ ತಿಂಗಳ 24ಕ್ಕೆ. ಮದ್ರಾಸ್ ಬಂದರಿನಲ್ಲಿ ಅವರನ್ನು ಎದುರುಗೊಳ್ಳಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಮಾವನಿಗೆ ಅದರ ಬೇಜಾರು ಇರಲಿಲ್ಲ. “ಟೀ ಕೊಟ್ಟರು, ಚೆನ್ನಾಗಿತ್ತು” ಅಂದರು. ಕೈಯಲ್ಲಿ ಒಂದು ಟೂ-ಇನ್-ಒನ್ (ರೇಡಿಯೋ, ಟೇಪ್ ಎರಡೂ ಇರುವುದು) ಇತ್ತು, ಅಲ್ಲಿ ಅಗ್ಗವಂತೆ.

ಬೇಜಾರಾಗಿದ್ದು ಆಮೇಲೆ. ನೆಲಬಾಂಬು ಸಿಡಿದು ಅವರ ಬಲಕಿವಿ ಹೋಗಿತ್ತು. ಪಿಂಚಣಿಯ ಜೊತೆ ಅದಕ್ಕೂ ಏನಾದರೂ ಸಿಗುತ್ತದಾ ಅಂತ ಒಂದು ಕಚೇರಿಗೆ ನಾಲ್ಕು ವರ್ಷ ಅಲೆದರು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಗುಮಾಸ್ತರು ಕಾಗದ ತಿರುವಿ ಹೇಳಿದರು, “ಅದು ಯುದ್ಧ ಅಲ್ವಲ್ಲ, ಶಾಂತಿಪಾಲನೆ.” ಮಾವನಿಗೆ ಸರಿಯಾಗಿ ಕೇಳಿಸಲಿಲ್ಲ. ಏನಂದರು ಅಂತ ನನ್ನ ಕೇಳಿದರು. ನಾಳೆ ಬರಬೇಕಂತೆ ಅಂದೆ.

ಅಲ್ಲಿ ಲಾರಿಯ ನೆಲಕ್ಕೆ ಮರಳು ಮೂಟೆ ಹಾಸಿಕೊಂಡು ಓಡಿಸುತ್ತಿದ್ದರಂತೆ, ಕೆಳಗೆ ಸಿಡಿದರೆ ಕಾಲಾದರೂ ಉಳಿಯಲಿ ಅಂತ. ರಸ್ತೆಯಲ್ಲಿ ಹೊಸ ಮಣ್ಣು ಕಂಡರೆ ಇಳಿದು ನೋಡಬೇಕು. ಊರಿಗೆ ಬಂದ ಮೇಲೆ ಒಂದು ಎಸ್ಟೇಟ್ ಜೀಪಿಗೆ ಡ್ರೈವರ್ ಆದರು. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ರಸ್ತೆಯ ಗುಂಡಿಗೆಲ್ಲ ಮಣ್ಣು ಮುಚ್ಚುತ್ತಾರೆ. ಅಂಥ ಪ್ರತಿಯೊಂದು ಗುಂಡಿಯ ಮುಂದೆಯೂ ಜೀಪು ನಿಲ್ಲುತ್ತಿತ್ತು. ಎರಡು ವರ್ಷ ನೋಡಿ ಎಸ್ಟೇಟಿನವರು ಬೇರೆ ಡ್ರೈವರ್ ಇಟ್ಟುಕೊಂಡರು.

ವಿರೋಧ: ನಂಬಿದವರನ್ನು ಬಿಟ್ಟು ಬಂದೆವು

ಈ ಪಕ್ಷಕ್ಕೆ ಬರೆಯುವವರು ಸಿಗಲಿಲ್ಲವಂತೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವರಲ್ವಾ ಸಾರ್, ನೀವೇ ಬರೆದುಕೊಡಿ ಅಂತ ಸಂಪಾದಕರು ಅಂದರು. ಸರಿ ಅಂದೆ. ಹೋಗಿದ್ದು ಸರಿಯೇ ಅಂತ ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆ. ಕೇಳಿದ್ದು ಬಂದಿದ್ದರ ಬಗ್ಗೆ.

ನಮ್ಮ ಸೇನೆ ಯಾರಿಗೂ ಬೇಡವಾಗಿತ್ತು ಅಂತ ಎದುರು ಪಕ್ಷದವರು ಬರೆದಿರುತ್ತಾರೆ. ಎಲ್ಲರೂ ಅದನ್ನೇ ಬರೆಯುತ್ತಾರೆ. ಬೇಡ ಅಂದವರು ಯಾರು? ಬಂದೂಕು ಹಿಡಿದವರು. ಅವರ ದನಿ ಜೋರು. 1988ರ ನವೆಂಬರ್‌ನಲ್ಲಿ ಹುಲಿಗಳ ಬೆದರಿಕೆಯ ನಡುವೆಯೂ ಅಲ್ಲಿನ ಉತ್ತರ-ಪೂರ್ವ ಪ್ರಾಂತಕ್ಕೆ ಚುನಾವಣೆ ನಡೆಯಿತು. ಉತ್ತರದಲ್ಲಿ ಅವಿರೋಧ ಆಯ್ಕೆ, ಅದನ್ನು ಚುನಾವಣೆ ಅನ್ನುವುದು ಕಷ್ಟ. ಪೂರ್ವದಲ್ಲಿ ಮಾತ್ರ ಜನ ಸಾಲು ನಿಂತು ಮತ ಹಾಕಿದರು. ಹುಲಿಗಳ ಎದುರಾಳಿ ತಮಿಳು ಪಕ್ಷ ಇಪಿಆರ್‌ಎಲ್‌ಎಫ್‌ನ ವರದರಾಜ ಪೆರುಮಾಳ್ ಆ ಪ್ರಾಂತದ ಮುಖ್ಯಮಂತ್ರಿಯಾದರು. ಆ ಜನರದ್ದೂ ಒಂದು ಅಭಿಪ್ರಾಯವಲ್ಲವೇ? (ಸೇನೆ ತಪ್ಪು ಮಾಡಲಿಲ್ಲ ಅಂತ ನಾನು ಹೇಳುತ್ತಿಲ್ಲ. ಅದನ್ನು ಇಲ್ಲಿ ತರುವುದು ಬೇಡ.)

ಆ ಸರ್ಕಾರ ನಿಂತಿದ್ದು ನಮ್ಮ ಹೆಗಲ ಮೇಲೆ. ಅದನ್ನು ಕಾಯಲಿ ಅಂತ ತಮಿಳು ಹುಡುಗರನ್ನು ಸೇರಿಸಿ ಒಂದು ಪಡೆ ಕಟ್ಟಿದರು. ಬಹಳ ಜನರನ್ನು ಬಲವಂತವಾಗಿ ಎಳೆದು ತಂದಿದ್ದರು, ಅದೂ ನಿಜವೇ. ಹಾಗಿದ್ದ ಮೇಲೆ ಅವರ ಹೊಣೆ ಇನ್ನೂ ಜಾಸ್ತಿ ನಮ್ಮದಾಗಬೇಕಿತ್ತು. ನಾವು ಹಡಗು ಹತ್ತಿದೆವು, ಹುಲಿಗಳು ಆ ಹುಡುಗರನ್ನು ಹುಡುಕಿ ಕೊಂದರು. ಪೆರುಮಾಳ್ ಹತಾಶರಾಗಿ 1990ರ ಮಾರ್ಚ್ 1ಕ್ಕೆ ಈಳಂ, ಅಂದರೆ ಪ್ರತ್ಯೇಕ ತಮಿಳು ದೇಶ, ಘೋಷಿಸಿ ಭಾರತಕ್ಕೆ ಓಡಿ ಬಂದರು. ಅವರ ಪಕ್ಷದ ನಾಯಕ ಪದ್ಮನಾಭ ಮತ್ತು ಜೊತೆಗಾರರನ್ನು ಅದೇ ಜೂನ್‌ನಲ್ಲಿ ಮದ್ರಾಸಿನ ಕೋಡಂಬಾಕ್ಕಂನಲ್ಲೇ ಕೊಂದರು.

ಅದೇ ಜೂನ್‌ನಲ್ಲಿ ಪೂರ್ವ ಪ್ರಾಂತದಲ್ಲಿ ಶರಣಾದ ನೂರಾರು ಪೊಲೀಸರನ್ನು ಹುಲಿಗಳು ಸಾಲಾಗಿ ನಿಲ್ಲಿಸಿ ಕೊಂದರು. ಅಕ್ಟೋಬರ್‌ನಲ್ಲಿ ಉತ್ತರದ ಮುಸ್ಲಿಮರನ್ನೆಲ್ಲ ಹೊರಗೆ ಹಾಕಿದರು. ಜಾಫ್ನಾ ಪಟ್ಟಣದವರಿಗೆ ಕೊಟ್ಟ ಸಮಯ ಎರಡು ಗಂಟೆ. ಯುದ್ಧ ಮುಗಿದಿದ್ದು 2009ರ ಮೇ ತಿಂಗಳಲ್ಲಿ. ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು.

ಇನ್ನು ಒಂದು ವಿಷಯ, ನಾನು ಕಣ್ಣಾರೆ ಕಂಡಿದ್ದು. 1991ರಲ್ಲಿ ನಾವು ಬನಶಂಕರಿಯಲ್ಲಿ ಬಾಡಿಗೆಗೆ ಇದ್ದೆವು. ಮೇ 21ಕ್ಕೆ ಶ್ರೀಪೆರಂಬುದೂರಿನಲ್ಲಿ ಹುಲಿಗಳಿಂದ ರಾಜೀವ್ ಹತ್ಯೆಯಾಗಿತ್ತು. ಆಗಸ್ಟ್‌ನಲ್ಲಿ ಕೊಲೆಗಾರರು ಕೋಣನಕುಂಟೆಯಲ್ಲಿ ಇದ್ದಾರಂತೆ ಅಂತ ಸುದ್ದಿ. ಆಗ ಅದು ಊರಾಚೆ. ನನ್ನ ಹತ್ತಿರ ಒಂದು ಸ್ಕೂಟರ್ ಇತ್ತು, ಸುಮ್ನೆ ಕೂರಲಾಗದೆ ಹೋದೆ. ಪೊಲೀಸರು ದೂರದಲ್ಲೇ ತಡೆದರು. ಜಾತ್ರೆಯ ಹಾಗೆ ಜನ, ಕಡಲೆಕಾಯಿ ಮಾರುವವನೂ ಬಂದಿದ್ದ. ನಾನೂ ಒಂದು ಪೊಟ್ಟಣ ತೆಗೆದುಕೊಂಡೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಕಮಾಂಡೋಗಳು ಕಾದರು, ಕಾದರು. 20ನೇ ತಾರೀಕು ಬೆಳಿಗ್ಗೆ ಒಳಗೆ ನುಗ್ಗಿದಾಗ ಶಿವರಸನ್, ಶುಭಾ ಸೇರಿ ಏಳೂ ಜನ ಹೆಣವಾಗಿದ್ದರು. ಸೇನೆಯನ್ನು ಕರೆಸಿಕೊಂಡರೆ ಯುದ್ಧ ಸಮುದ್ರದ ಆಚೆಯೇ ಉಳಿಯುತ್ತದೆ ಅಂದುಕೊಂಡಿದ್ದೆವು. ಅದು ಕನಕಪುರ ರಸ್ತೆಯವರೆಗೆ ಬಂತು.

ಈ ಭಾಗ ಓದಿ ನನ್ನ ಹೆಂಡತಿ, “ರಾಜೀವ್‌ನ ಕೊಂದಿದ್ದು ಸೇನೆ ಕಳಿಸಿದ್ದಕ್ಕೆ ಅಲ್ವಾ? ವಾಪಸ್ ಕರೆಸಿಕೊಂಡಿದ್ದಕ್ಕಲ್ಲವಲ್ಲ?” ಅಂದಳು. ಹಾಗೂ ಹೇಳಬಹುದು. ನನಗೆ ಕೊಟ್ಟಿರುವುದು ಇನ್ನೊಂದು ಪಕ್ಷ.

ಹಾಗಾದರೆ ಎಷ್ಟು ದಿನ ಇರಬೇಕಿತ್ತು? ಇನ್ನೊಂದು ವರ್ಷ ಅನ್ನುತ್ತೇನೆ. ಪ್ರಾಂತೀಯ ಸರ್ಕಾರಕ್ಕೆ ಪೊಲೀಸ್ ಅಧಿಕಾರ ಸಿಗುವವರೆಗೆ. ಒಪ್ಪಂದದ ಹಿಂದೆಯೇ ಬಂದ ಶ್ರೀಲಂಕಾ ಸಂವಿಧಾನದ 13ನೇ ತಿದ್ದುಪಡಿಯಲ್ಲಿ ಅದು ಬರೆದಿದೆ. ಇವತ್ತಿನವರೆಗೂ ಕೊಲಂಬೋ ಅದನ್ನು ಕೊಟ್ಟಿಲ್ಲ.