ನಮ್ಮ ಜಿಲ್ಲೆಯಲ್ಲಿ ಮಳೆಗೆ ಬೈಯುವ ಹಾಗಿಲ್ಲ

ಮಲೆನಾಡಿನವರು ಪುಣ್ಯವಂತರು, ಮಳೆಗೆ ಬಾಯ್ತುಂಬ ಬೈಯಬಹುದು. "ಹಾಳಾದ ಮಳೆ, ಒಗೆದ ಬಟ್ಟೆ ವಾರವಾದರೂ ಒಣಗಿಲ್ಲ" ಎಂದು ಜಗಲಿಯಲ್ಲಿ ಕೂತು ಗೊಣಗಿದರೆ ದನಿಗೂಡಿಸುವುದಕ್ಕೆ ನಾಲ್ಕು ಜನ ಸಿಗುತ್ತಾರೆ. ಚಿಕ್ಕಬಳ್ಳಾಪುರದವರಿಗೆ ಆ ಭಾಗ್ಯವಿಲ್ಲ. ಬೋರು ಕೊರೆಸಿದರೆ 1,500 ಅಡಿ ಹೋದರೂ ದೂಳೇ ಏಳುವ ಸೀಮೆ ಇದು. ಮಳೆ ಬರುವಾಗ ಮುಖ ಸಿಂಡರಿಸಿದರೂ ಮನೆಯ ಹಿರಿಯರು "ಬಿಡ್ತು ಅನ್ನು" ಎನ್ನುತ್ತಾರೆ. ಹಾಗಾಗಿ ನನ್ನ ಕಷ್ಟಕ್ಕೆ ಊರಲ್ಲಿ ಯಾರೂ ಕಿವಿ ಕೊಡಲಿಲ್ಲ.

ಕಷ್ಟ ಬಂದದ್ದು ಭಾಮೈದನ ರೂಪದಲ್ಲಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹುಡುಗ. ಅವನಿಗೆ ಕಾಶ್ಮೀರದ ಬೆಟ್ಟದ ಸರೋವರಗಳನ್ನು ನಡೆದೇ ನೋಡಬೇಕೆಂಬ ಹುಚ್ಚು. ವಿಶನ್‌ಸರ್, ಗಂಗಾಬಲ್, ಎಲ್ಲ 11,000 ಅಡಿಗೂ ಮೇಲೆ. ಹೋಗುವ ಮುಂಚೆ ಪೂರ್ತಿ ಸಾಮಾನು ಬೆನ್ನಿಗೇರಿಸಿಕೊಂಡು ಅಭ್ಯಾಸ ಮಾಡಬೇಕಂತೆ. "ಭಾವ, ನಿಮ್ಮ ಕಡೆ ಬೆಟ್ಟದ ಮೇಲೆ ಯಾವುದಾದರೂ ಸರೋವರ ಇದೆಯಾ?" ಎಂದ. ನಂದಿಬೆಟ್ಟದ ಅಮೃತ ಸರೋವರದ ಹೆಸರು ಹೇಳಿದೆ. ಬುಗ್ಗೆ ನೀರಿನ, ಸುತ್ತ ಕಲ್ಲುಮೆಟ್ಟಿಲು ಕಟ್ಟಿದ ಕೊಳ ಅದು. ಗಂಗಾಬಲ್ ಮುಂದೆ ಉದ್ಧರಣೆಯ ತೀರ್ಥದಷ್ಟು. ಆದರೂ 1,478 ಮೀಟರ್ ಎತ್ತರದ ಬೆಟ್ಟದ ಮೇಲಿದೆ. ಅವನಿಗೆ ಅಷ್ಟು ಸಾಕಾಯಿತು.

ಹುಬ್ಬೆ ಮಳೆ ಕೈಕೊಟ್ಟು, ಹೊಲದಲ್ಲಿ ರಾಗಿ ಪೈರು ಬಾಡಿ, ಎಲ್ಲರೂ ಆಕಾಶ ನೋಡುತ್ತಿದ್ದ ಕಾಲ. ನಾವು ಹೊರಡುವ ದಿನಕ್ಕೇ ಸರಿಯಾಗಿ ಉತ್ತರೆ ಮಳೆ ಹಿಡಿದುಕೊಂಡಿತು. "ಮಳೇಲಿ ಬೆಟ್ಟಾನಾ? 2021ರಲ್ಲಿ ಗುಡ್ಡ ಕುಸಿದು ರೋಡೇ ಕೊಚ್ಚಿಹೋಗಿತ್ತು, ಮರೆತಿರಾ?" ಎಂದಳು ನನ್ನಾಕೆ. "ಅಕ್ಕಾ, ನಾವು ರೋಡಲ್ಲಿ ಹೋಗಲ್ಲ, ಸುಲ್ತಾನಪೇಟೆ ಮೆಟ್ಟಿಲಲ್ಲಿ ಹೋಗ್ತೀವಿ" ಎಂದು ಭಾಮೈದ ಸಮಾಧಾನ ಮಾಡಿದ. ಅವಳು ಇಬ್ಬರ ಮುಖವನ್ನೂ ನೋಡಿ, ಚಿತ್ರಾನ್ನ ಕಟ್ಟಲು ಒಳಗೆ ಹೋದಳು.

ಅವನ ಬ್ಯಾಗಿನಲ್ಲಿ ಟೆಂಟು, ಮಲಗುವ ಚೀಲ, ಪುಟ್ಟ ಗ್ಯಾಸ್ ಒಲೆ, ಎರಡು ಊರುಗೋಲು, ಚಾಕೊಲೇಟಿನಂತೆ ಕಾಣುವ ಹೊಟ್ಟಿನ ಬಿಲ್ಲೆಗಳು. ಒಟ್ಟು 14 ಕೆ.ಜಿ. ಎಲ್ಲವೂ ವಾಟರ್‌ಪ್ರೂಫ್ ಎಂದು ಬಿಲ್ ಸಮೇತ ತೋರಿಸಿದ.

ಬೆಟ್ಟದ ಬುಡದ ಸುಲ್ತಾನಪೇಟೆಯಲ್ಲಿ ಯೂರಿಯಾ ಚೀಲವನ್ನು ಗೊಪ್ಪೆ ಮಾಡಿ ತಲೆಗೆ ಹಾಕಿಕೊಂಡ ಅಜ್ಜ ಮೇಕೆ ಮೇಯಿಸುತ್ತಿದ್ದ. ನಮ್ಮ ಗಂಟುಮೂಟೆ ನೋಡಿ, "ಯಾಕ್ ಸ್ವಾಮಿ, ಮನೇಲಿ ಜಗಳಾನಾ?" ಎಂದ. ಅಲ್ಲ, ಸರೋವರ ನೋಡೋಕೆ ಅಂದೆವು. "ಮೇಲಕ್ಕೆ ಕಾರು ಹೋಗ್ತೈತಲ್ಲ?" ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮೆಟ್ಟಿಲು 1,175 ಎನ್ನುತ್ತಾರೆ. ಎಣಿಸುವ ಉಮೇದು ಬೇಗ ಇಳಿಯಿತು. ಭಾಮೈದನ ಪೊಂಚೋ ಎಂಬ ಮಳೆ ಹೊದಿಕೆಯನ್ನು ಗಾಳಿ ಹಿಂದಿನಿಂದ ಎತ್ತಿ ಮುಖಕ್ಕೇ ಸುತ್ತುತ್ತಿತ್ತು, ಅವನು ಕುರುಡನಂತೆ ಕೋಲೂರಿ ತಡವುತ್ತಿದ್ದ. ಬ್ಯಾಗಿಗೆ ಹಾಕಿದ ರೈನ್‌ಕವರ್‌ದು ಇನ್ನೊಂದು ಕಥೆ. ಅದು ಹೊರಗಿನ ಮೈಯನ್ನಷ್ಟೇ ಮುಚ್ಚುತ್ತದೆ. ಕತ್ತಿನಿಂದ ಇಳಿದ ನೀರು ಬೆನ್ನಿಗೂ ಬ್ಯಾಗಿಗೂ ನಡುವೆ ಹರಿದು, ಕವರಿನ ತಳದಲ್ಲಿ ನಿಂತು, ಮಲಗುವ ಚೀಲಕ್ಕೆ ನಿಧಾನವಾಗಿ ಇಂಗುತ್ತಿತ್ತು. ನಮ್ಮ ಜಿಲ್ಲೆಯ ಇಂಗುಗುಂಡಿಗಳು ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಒಣಗಿ ಉಳಿದದ್ದು ನನ್ನಾಕೆ ಕಸದ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಕೊಟ್ಟ ಚಿತ್ರಾನ್ನ ಮಾತ್ರ.

ಏದುಸಿರು ಬಿಡುತ್ತ ನಿಂತಾಗ ಅವನ ಗಮನ ಬೇರೆಡೆ ಸೆಳೆಯಲು ಭೂಗೋಳ ಹೇಳಿದೆ. ಅರ್ಕಾವತಿ, ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಎಲ್ಲ ಹುಟ್ಟುವುದು ಈ ನಂದಿ ಸಾಲಿನಲ್ಲೇ. ನಿನ್ನ ಎಡ ತೋಳಿನಿಂದ ಸುರಿಯುವ ನೀರು ಅರ್ಕಾವತಿಯಾಗಿ ಕಾವೇರಿ ಸೇರಬಹುದು, ಬಲ ತೋಳಿನದು ಉತ್ತರ ಪಿನಾಕಿನಿ, ಅಂದರೆ ಪೆನ್ನಾರ್ ಆಗಿ ಆಂಧ್ರಕ್ಕೆ ಹೋಗಬಹುದು. "ಇಷ್ಟೊಂದು ನದಿ ಹುಟ್ಟೋ ಜಾಗದಲ್ಲಿ ನಿಮ್ಮ ಮನೆಗೆ ಟ್ಯಾಂಕರ್ ಯಾಕೆ ಭಾವ?" ಎಂದ. ಉಸಿರಿಲ್ಲದಿದ್ದರೂ ಕೇಳುವ ಪ್ರಶ್ನೆ ನೋಡಿ.

ಮೇಲೆ ಹೋದರೆ ಬೆಟ್ಟವೇ ಇಲ್ಲ. ಕೆಳಗಿನಿಂದ ಮೋಡ ಅಂತ ನೋಡುತ್ತಿದ್ದೆವಲ್ಲ, ಈಗ ಅದರ ಹೊಟ್ಟೆಯೊಳಗಿದ್ದೆವು. ತಡಕಾಡಿ ಅಮೃತ ಸರೋವರದ ಜಾಗಕ್ಕೆ ಬಂದೆವು. ಕಣ್ಣ ಮುಂದೆ ಬಿಳಿ. ಬಲಕ್ಕೆ ಬಿಳಿ. ಕಪ್ಪೆಗಳ ಸದ್ದಿನಿಂದ ನೀರು ಇಂಥ ಕಡೆ ಇರಬೇಕೆಂದು ಅಂದಾಜು ಮಾಡಿ ಭಾಮೈದ ಫೋಟೊ ತೆಗೆದ. ಆ ಫೋಟೊ ಈಗಲೂ ಇದೆ, ತಲೆಕೆಳಗು ಹಿಡಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಟೆಂಟ್ ಬಿಚ್ಚಲು ಹೋದಾಗ ಮೋಡದೊಳಗಿಂದ ಒಂದು ಕೊಡೆ ಬಂತು, ಅದರ ಕೆಳಗೆ ಕಾವಲುಗಾರ. "ಇಲ್ಲಿ ಟೆಂಟ್ ಹಾಕಂಗಿಲ್ಲ ಸಾರ್" ಎಂದು ಮೃದುವಾಗಿ ಹೇಳಿ, "ಒಳ್ಳೆ ಮಳೆ ಅಲ್ವಾ?" ಎಂದು ನಕ್ಕ. ನಾವು ಹಲ್ಲು ಕಟಕಟಿಸುತ್ತ ಒಳ್ಳೆ ಮಳೆ ಅಂದೆವು. ಯೋಗನಂದೀಶ್ವರನ ಗುಡಿಯ ಹತ್ತಿರ ಸೂರು ಸಿಕ್ಕಿ ಬ್ಯಾಗ್ ಇಳಿಸುವಷ್ಟರಲ್ಲಿ ಕೋತಿಯೊಂದು ಹೊಟ್ಟಿನ ಬಿಲ್ಲೆಗಳ ಪೊಟ್ಟಣ ಎಳೆದುಕೊಂಡು ಹೋಯಿತು. ಒಂದನ್ನು ಕಚ್ಚಿ, ನಮ್ಮನ್ನು ನೋಡಿ, ಉಳಿದದ್ದನ್ನು ಅಲ್ಲೇ ಬಿಟ್ಟುಹೋಯಿತು. ಚಿತ್ರಾನ್ನ ನಮಗೆ ದಕ್ಕಿತು.

ಇಳಿದು ಬಂದು ಬಸ್ಸಿಗೆ ಕಾಯುವಾಗ ಒಬ್ಬರು ಮಾತ್ರ ನಮ್ಮ ಪಕ್ಷದವರು ಸಿಕ್ಕಿದರು. ದ್ರಾಕ್ಷಿ ತೋಟದವರು. "ದರಿದ್ರ ಮಳೆ ಸ್ವಾಮಿ! ನಿನ್ನೆ ಹೊಡೆದ ಔಷಧಿ ಎಲ್ಲ ತೊಳ್ಕೊಂಡು ಹೋಯ್ತು. ಇನ್ನು ಗೊಂಚಲಿಗೆ ಬೂಜು ಗ್ಯಾರಂಟಿ." ನಾವಿಬ್ಬರೂ ಆಸೆಯಿಂದ ಹತ್ತಿರ ಸರಿದೆವು. ಅಷ್ಟರಲ್ಲಿ ಅವರಿಗೆ ತಮ್ಮ ಬೋರು ನೆನಪಾಯಿತೋ ಏನೋ, ಆಕಾಶ ನೋಡಿ ಗಲ್ಲ ಬಡಿದುಕೊಂಡು "ತಪ್ಪಾಯ್ತಪ್ಪಾ, ನೀನು ಹುಯ್ಯಿ" ಎಂದುಬಿಟ್ಟರು.

ಆಗ ಮಾವನ ಫೋನು, ಗೌರಿಬಿದನೂರು ಕಡೆಯ ಹಳ್ಳಿಯಿಂದ. ಅಲ್ಲಿ ಉತ್ತರ ಪಿನಾಕಿನಿಯಲ್ಲಿ ನೀರಿಗಿಂತ ಜಾಲಿ ಜಾಸ್ತಿ. ಮಗ ಬದುಕಿದ್ದಾನಾ ಎಂದು ಕೇಳಬಹುದು ಅಂದುಕೊಂಡೆ.

"ಬೆಟ್ಟದಲ್ಲಿ ಮಳೆ ಹೆಂಗೈತೆ ಅಳಿಯಂದ್ರೇ?"

"ಜೋರಾಗಿದೆ ಮಾವ. ನಿಮ್ಮ ಮಗ ಪೂರ್ತಿ ನೆನೆದು ನಡುಗ್ತಾ ಇದ್ದಾನೆ."

"ಇಲ್ಲೂ ಹಿಡ್ಕೊಂಡೈತೆ. ರಾಗಿ ಉಳೀತು ಬಿಡಿ. ಅವನು ಚೀಲ ಹೊತ್ತು ಹೊರಟ ದಿನವೇ ಶುರುವಾಗಿದ್ದು ನೋಡಿ."

"ಹೌದು ಮಾವ."

"ಮುಂದಿನ ವರ್ಷ ಹುಬ್ಬೆ ಕೈಕೊಟ್ರೆ ಅವನನ್ನೇ ಇನ್ನೊಂದು ಸಲ ಹತ್ತಿಸಿ. ಕತ್ತೆ ಮದುವೆಗಿಂತ ಖರ್ಚು ಕಮ್ಮಿ ಆಗ್ತೈತೆ."