ಯಂತ್ರಕ್ಕೂ ನೋಕ್ಕುಕೂಲಿ

ಕಾಸರಗೋಡಿನ ಕುಂಬಳೆಯ ಹತ್ತಿರ ಹೆದ್ದಾರಿಗೆ ಹಾಕಿದ ಆರಿಕ್ಕಾಡಿ ಟೋಲ್ ಗೇಟಿನ ಕಥೆಯನ್ನು ಮತ್ತೆ ಹೇಳುವುದಿಲ್ಲ. ತಲಪಾಡಿಯಲ್ಲಿ ಒಂದು ಗೇಟು ಇರುವಾಗ ಇಷ್ಟು ಹತ್ತಿರ ಇನ್ನೊಂದು ಏಕೆ ಎಂಬುದೇ ಜಗಳ. ಕುಂಬಳೆಯ ಆಚೀಚೆ ಇರುವವರಿಗೆಲ್ಲ ಅದು ಬಾಯಿಪಾಠ. ಪ್ರತಿಭಟನೆ, ಕೋರ್ಟು, ಪೊಲೀಸು, ಚಾನೆಲ್ ಚರ್ಚೆ, ಎಲ್ಲ ಆಯಿತು. ಇದರಿಂದ ಊರಿಗಾದ ಒಂದೇ ಲಾಭ ಎಂದರೆ ಎಲ್ಲರೂ ಅರ್ಥಶಾಸ್ತ್ರ ಕಲಿತರು. ಮೊನ್ನೆ ಚಹಾ ಅಂಗಡಿಯಲ್ಲಿ ಒಬ್ಬರು ಗೋಳಿಬಜೆ ಮುರಿಯುತ್ತಾ ಹೇಳಿದರು: "ರಸ್ತೆ ಬೇಕು, ದುಡ್ಡು ಬೇಡ ಅಂದ್ರೆ ಹೇಗೆ ಮಾಷ್ಟ್ರೇ? ಬಳಸಿದವನು ಕೊಡಬೇಕು."

ಒಪ್ಪಿದೆ. ರಸ್ತೆ ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು. ಕರ್ನಾಟಕದ ಗಡಿಯ ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಷಟ್ಪಥ. ಬಳಸಿದವನು ಕೊಡಬೇಕು ಎಂಬುದೂ ನ್ಯಾಯವೇ. ಆದರೆ ಬಳಸಿದವನು ವಾಹನ ಕೊಳ್ಳುವಾಗ ರಸ್ತೆ ತೆರಿಗೆ ಕೊಟ್ಟಿದ್ದಾನೆ. ಪೆಟ್ರೋಲ್ ಹಾಕಿಸುವಾಗಲೆಲ್ಲ ರಸ್ತೆಯ ಹೆಸರಿನ ಸೆಸ್ ಕೊಟ್ಟಿದ್ದಾನೆ. ಈ ಹೆದ್ದಾರಿಗೆ ಜಾಗ ಮಾಡಿಕೊಡಲು ಕೇರಳ ಸರಕಾರ ಭೂಸ್ವಾಧೀನದ ಖರ್ಚಿನ ನಾಲ್ಕನೇ ಒಂದು ಪಾಲನ್ನು, ಅಂದರೆ 5,500 ಕೋಟಿಗೂ ಜಾಸ್ತಿ, ತಾನೇ ಹಾಕಿದೆ. ಅದೂ ಇವನದೇ ಜೇಬಿನದ್ದು. ಒಂದೇ ದೋಸೆಗೆ ಮೂರು ಸಲ ಬಿಲ್ ಕೊಟ್ಟು, ನಾಲ್ಕನೆಯದು ಬಂದಾಗ ಮುಖ ಸಿಂಡರಿಸಿದರೆ "ಪುಕ್ಕಟೆ ಬುದ್ಧಿ" ಎನ್ನುತ್ತಾರೆ.

ಇನ್ನು 60 ಕಿಲೋಮೀಟರಿನ ನಿಯಮ. ಒಂದು ಟೋಲಿನಿಂದ ಇನ್ನೊಂದಕ್ಕೆ ಅಷ್ಟು ದೂರ ಇರಬೇಕು ಎಂದು 2008ರ ಹೆದ್ದಾರಿ ಶುಲ್ಕ ನಿಯಮ ಹೇಳುತ್ತದೆ. ತಲಪಾಡಿಯಿಂದ ಆರಿಕ್ಕಾಡಿಗೆ ಇಪ್ಪತ್ತು ಚಿಲ್ಲರೆ. ಆದರೆ ಅದೇ ನಿಯಮದ ಕೆಳಗೆ ಇನ್ನೊಂದು ಮಾತಿದೆ. ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಿದರೆ ಹತ್ತಿರವೂ ಹಾಕಬಹುದು. ಹಾಗಾಗಿ 60 ಎಂಬುದು ದೂರವಲ್ಲ, ಶುಭ ಹಾರೈಕೆ.

ಕಾರಣವೋ, ಅದು ಇನ್ನೂ ಚೆಂದ. ಚೆಂಗಳದಿಂದ ಆಚೆ ನೀಲೇಶ್ವರದ ಕಡೆಗಿನ ಕೆಲಸ ತಡವಾಯಿತು. ಟೋಲ್ ಬರಬೇಕಾದದ್ದು ಅಲ್ಲಿ. ಅಲ್ಲಿ ರಸ್ತೆ ಮುಗಿದಿಲ್ಲ, ಆದ್ದರಿಂದ ತಾತ್ಕಾಲಿಕವಾಗಿ ಇಲ್ಲಿ. ಅಂದರೆ ಹಿಂದಿನ ಬೆಂಚಿನವನು ಫೇಲಾದ, ಹಾಗಾಗಿ ಪಾಸಾದವನು ದಂಡ ಕಟ್ಟಬೇಕು. ನಮ್ಮ ದೇಶದಲ್ಲಿ "ತಾತ್ಕಾಲಿಕ" ಎಂದರೆ ಎಷ್ಟು ವರ್ಷ ಎಂದು ಕೇಳಬಾರದು. ಕೇಳುವವನು ಅಭಿವೃದ್ಧಿಯ ವಿರೋಧಿ.

ಈಗ ನೋಕ್ಕುಕೂಲಿಗೆ ಬರೋಣ. ಘಟ್ಟದ ಮೇಲಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ಮನೆ ಕಟ್ಟುವವರ ಅಂಗಳಕ್ಕೆ ಟೈಲ್ಸಿನ ಲಾರಿ ಬರುತ್ತದೆ. ಮನೆಯವರ ಆಳುಗಳೇ ಇಳಿಸುತ್ತಾರೆ. ಹೆಗಲಿಗೆ ಬೈರಾಸು ಹಾಕಿದ ನಾಲ್ಕು ಮಂದಿ ಯೂನಿಯನ್‌ನವರು ಗೇಟಿನ ಹತ್ತಿರ ನಿಂತು ನೋಡುತ್ತಾರೆ. ಒಬ್ಬ ಬೀಡಿ ಹಚ್ಚುತ್ತಾನೆ. ಕೊನೆಯ ಪೆಟ್ಟಿಗೆ ಇಳಿದ ಮೇಲೆ, ನೋಡಿದ್ದಕ್ಕೆ ಕೂಲಿ. ಕೊಡದಿದ್ದರೆ ಮುಂದಿನ ಲಾರಿ ಗೇಟು ದಾಟುವುದಿಲ್ಲ. ಅದು ಕೆಲಸದ ಕ್ರಯ ಅಲ್ಲ, ತಡೆಯದೆ ಇದ್ದದ್ದರ ಕ್ರಯ. ನಾನು ಇದನ್ನು ಸಮರ್ಥಿಸುವುದಿಲ್ಲ. ಸರಕಾರವೂ ಸಮರ್ಥಿಸಲಿಲ್ಲ. 2018ರ ಮೇ 1ರಿಂದ, ಕಾರ್ಮಿಕರ ದಿನವೇ ನೋಡಿ, ಅದನ್ನು ನಿಷೇಧಿಸಿತು. ಆದರೂ 2025ರ ಮಾರ್ಚಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ರಾಜ್ಯಸಭೆಯಲ್ಲಿ ನೋಕ್ಕುಕೂಲಿಯನ್ನು ನೆನಪಿಸಿ, ಕೇರಳದಲ್ಲಿ ಉದ್ಯಮ ಹಾಳಾದದ್ದು ಹೀಗೆ ಎಂದರು.

ಸರಿ. ಈಗ ಆರಿಕ್ಕಾಡಿಗೆ ಬನ್ನಿ. ಮೇಲೆ ತೂಗುಹಾಕಿದ ಯಂತ್ರ ನಿಮ್ಮ ಕಾರಿನ ಗಾಜಿಗಂಟಿಸಿದ ಫಾಸ್ಟ್ಯಾಗನ್ನು ಒಮ್ಮೆ ನೋಡುತ್ತದೆ. ನಿಮ್ಮ ಹೊರೆ ಇಳಿಸುವುದಿಲ್ಲ, ಏರಿಸುವುದಿಲ್ಲ. ಬೀಡಿಯನ್ನೂ ಸೇದುವುದಿಲ್ಲ. ದುಡ್ಡು ಹೋಯಿತು ಎಂದು ಮೊಬೈಲು ಕಂಪಿಸುತ್ತದೆ. ಕೋಲು ಮೇಲೇಳುತ್ತದೆ. ಬೈರಾಸಿನವನು ನೋಡಿದರೆ ಸುಲಿಗೆ, ಯಂತ್ರ ನೋಡಿದರೆ ಮೂಲಸೌಕರ್ಯ. ಬೈರಾಸಿನವನ ಹತ್ತಿರ ಚೌಕಾಸಿಗಾದರೂ ಜಾಗ ಇತ್ತು.

ತಮಾಷೆ ಏನು ಗೊತ್ತಾ? ಈ 39 ಕಿಲೋಮೀಟರನ್ನು ಕಟ್ಟಿದ್ದು ಊರಾಳುಂಗಲ್ ಲೇಬರ್ ಕಾಂಟ್ರಾಕ್ಟ್ ಸೊಸೈಟಿ. ಹೆಸರಲ್ಲೇ ಇದೆ, ಕೂಲಿಯವರ ಸಹಕಾರ ಸಂಘ. ವಡಗರೆಯ ಹತ್ತಿರ 1925ರಲ್ಲಿ ಹುಟ್ಟಿದ್ದು. ಮಲಯಾಳಿ ಕಾರ್ಮಿಕ ಬರೀ ನೋಡುತ್ತಾ ನಿಲ್ಲುತ್ತಾನೆ ಎಂದು ದೆಹಲಿಯಲ್ಲಿ ಭಾಷಣ ನಡೆಯುವಾಗ ಇಲ್ಲಿ ಕಾರ್ಮಿಕರದೇ ಸಂಘ ಮೊದಲು ರಸ್ತೆ ಮುಗಿಸಿಕೊಟ್ಟಿತು. ಮೊದಲು ಮುಗಿಸಿದ ತಪ್ಪಿಗೆ ಮೊದಲು ಟೋಲ್.

ಕೂಲಿಯ ಮಾತು ಬಂದ ಮೇಲೆ ನಮ್ಮ ಭಾವನನ್ನು ಬಿಡಲಾಗುವುದಿಲ್ಲ. ಬದಿಯಡ್ಕದ ಕಡೆ ಅಡಿಕೆ ತೋಟ. ಫೋನ್ ಮಾಡಿದರೆ ಮೊದಲ ಮಾತೇ "ಕೆಲಸಕ್ಕೆ ಜನ ಸಿಕ್ಕುವುದಿಲ್ಲ ಭಾವ". ಕೊನೆ ಕೊಯ್ಯುವವರಿಲ್ಲ, ಮಳೆಗಾಲದಲ್ಲಿ ಮದ್ದು ಬಿಡುವವರಿಲ್ಲ, ಸೊಪ್ಪು ತರುವವರಿಲ್ಲ. ಜನರಿಗೆ ಸೊಕ್ಕು ಬಂದಿದೆ, ಪುಕ್ಕಟೆ ರೇಷನ್ ಅಕ್ಕಿ ಜನರನ್ನು ಹಾಳು ಮಾಡಿದೆ.

ಜನ ಸಿಗುವುದಿಲ್ಲ ಎಂದರೆ, ಅವರು ಕೊಡಬೇಕೆಂದಿರುವ ಸಂಬಳಕ್ಕೆ ಸಿಗುವುದಿಲ್ಲ ಎಂದರ್ಥ. ನನಗೂ ಐವತ್ತು ರೂಪಾಯಿಗೆ ಮೀನು ಸಿಗುವುದಿಲ್ಲ. ಹಾಗೆಂದು ಮೀನಿಗೆ ಸೊಕ್ಕು ಬಂದಿದೆ ಎಂದು ನಾನು ಹೇಳುವುದಿಲ್ಲ. ಅಡಿಕೆಗೆ ಧಾರಣೆ ಏರಿದಾಗ ಭಾವ ಏನು ಹೇಳುತ್ತಾರೆ? "ಮಾರ್ಕೆಟ್ ಭಾವ, ಮಾರ್ಕೆಟ್." ಬೇಕಾದವರು ಜಾಸ್ತಿ, ಮಾಲು ಕಮ್ಮಿ, ಧಾರಣೆ ಏರುತ್ತದೆ. ಮರ ಹತ್ತಬಲ್ಲವರು ಕಮ್ಮಿಯಾಗಿ ಅವರ ಧಾರಣೆ ಏರಿದರೆ ಮಾತ್ರ ಅದು ಮಾರ್ಕೆಟ್ ಅಲ್ಲ, ಕಲಿಗಾಲ. ಭಾವನ ಮಗ ಜಾಸ್ತಿ ಸಂಬಳ ಸಿಗುವಲ್ಲಿಗೆ, ಬೆಂಗಳೂರಿಗೆ, ಹೋದ. ಅದು ಕೆರಿಯರ್. ಮರ ಹತ್ತುವವನ ಮಗ ಅಬುಧಾಬಿಗೆ ಹೋದ. ಅದು ಸೊಕ್ಕು.

ಅಡಿಕೆ ಧಾರಣೆ ಇಳಿದರೆ? ಆಗ ಮಾರ್ಕೆಟ್ ರಜೆ ಹಾಕುತ್ತದೆ, ಸರಕಾರ ಬರಬೇಕು. ಬರ್ಮಾದ ಅಡಿಕೆ ತಡೆಯಬೇಕು. ಕೇಂದ್ರ ಬಂತು ಕೂಡ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಅದಕ್ಕಿಂತ ಕಮ್ಮಿಯ ಮಾಲು ಒಳಗೆ ಬರುವಂತಿಲ್ಲ. ಭಾವ ಅವತ್ತು ಮನೆಯಲ್ಲಿ ಪಾಯಸ ಮಾಡಿಸಿದರು. ಪಾಯಸ ಬಡಿಸುತ್ತಾ ನಾನು ಕೇಳಿದೆ, "ಹಾಗಾದ್ರೆ ಕೂಲಿಗೂ ಒಂದು ಕನಿಷ್ಠ ಬೆಲೆ ಇರಲಿ ಅಲ್ವಾ ಭಾವ?" ಅವರು ಸೌಟಿನ ಕಡೆ ನೋಡಿದರು. "ಅದು ಬೇರೆ. ಸರಕಾರ ಎಲ್ಲದಕ್ಕೂ ಕೈ ಹಾಕಬಾರದು."

ಭಾವನ ಕಷ್ಟ ಸುಳ್ಳಲ್ಲ. ಕೊಳೆರೋಗ, ಎಲೆಚುಕ್ಕಿ, ಮಂಗ, ಎಲ್ಲ ಇದೆ. ಆದರೆ ಅವರ ಅರ್ಥಶಾಸ್ತ್ರ ನಮ್ಮೆಲ್ಲರದ್ದೇ: ನಾನು ಮಾರುವುದಕ್ಕೆ ರಕ್ಷಣೆ, ಕೊಳ್ಳುವುದಕ್ಕೆ ಪೈಪೋಟಿ.

ಟೋಲಿನಿಂದ ಉದ್ಯೋಗ ಸೃಷ್ಟಿಯಾಗುತ್ತದೆ ಎಂಬ ವಾದವೂ ಕೇಳಿದೆ. ಹುಡುಗರಿಗೆ ಕೆಲಸ ಸಿಗುತ್ತದಂತೆ. ಹಾಗಾದರೆ ಮೊಗ್ರಾಲಿಗೊಂದು, ಬಂದ್ಯೋಡಿಗೊಂದು, ಹೊಸಂಗಡಿಗೊಂದು ಹಾಕಿ. ಅರ್ಧ ಜನ ಗೇಟಿನಲ್ಲಿ ವಸೂಲಿಗೆ, ಇನ್ನರ್ಧ ಜನ ಸಾಲಿನಲ್ಲಿ ನಿಲ್ಲಲಿಕ್ಕೆ. ಜಿಲ್ಲೆಯಲ್ಲಿ ನಿರುದ್ಯೋಗವೇ ಇರುವುದಿಲ್ಲ. ಒಬ್ಬನ ಜೇಬಿನಿಂದ ಇನ್ನೊಬ್ಬನ ಜೇಬಿಗೆ ಹೋದ ದುಡ್ಡನ್ನು ಹುಟ್ಟಿದ ದುಡ್ಡು ಎಂದು ಲೆಕ್ಕ ಹಾಕುವವರಿಗೆ ಏನು ಹೇಳುವುದು?

ಲೆಕ್ಕದಲ್ಲಿ ನಾವೂ ಕಮ್ಮಿ ಇಲ್ಲ. ಕರ್ನಾಟಕದಲ್ಲಿ ಪೆಟ್ರೋಲಿಗೆ ಲೀಟರಿಗೆ ಮೂರು ನಾಲ್ಕು ರೂಪಾಯಿ ಕಮ್ಮಿ ಎಂದು ಕುಂಬಳೆಯಿಂದ ತಲಪಾಡಿಗೆ ಬೈಕಿನಲ್ಲಿ ಹೋಗುವವರನ್ನು ಬಲ್ಲೆ. ಉಳಿತಾಯ ಮೂವತ್ತು ರೂಪಾಯಿ. ಹೋಗಿ ಬರಲು ಸುಟ್ಟದ್ದು ಒಂದು ಲೀಟರು. ಅವರ ಮುಖದಲ್ಲಿರುವ ಗೆಲುವು ನೋಡಬೇಕು!

ಬಳಸಿದವನು ಕೊಡಬೇಕು ಎಂದರಲ್ಲ, ಯಾರು ಬಳಸುವವರು? ಮಂಗಳೂರಿಗೆ ಸಿನಿಮಾ ನೋಡಲು ಹೋಗುವವರು ಟೋಲ್ ಜಾಸ್ತಿಯಾದರೆ ಮನೆಯಲ್ಲೇ ಕೂರಬಹುದು. ಡಯಾಲಿಸಿಸ್‌ಗೆ ಹೋಗುವವರು ಕೂರಲಾಗುವುದಿಲ್ಲ. ಎಷ್ಟು ಏರಿಸಿದರೂ ಕೊಡುತ್ತಾರೆ. ಹಾಗೆ ಕೊಟ್ಟೇ ಕೊಡುವವರು ಸಿಕ್ಕಿದರೆ ವಸೂಲಿ ಮಾಡುವವನಿಗೆ ಅದಕ್ಕಿಂತ ಒಳ್ಳೆಯ ಗಿರಾಕಿ ಬೇರೆ ಇಲ್ಲ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಎಂಬಿಬಿಎಸ್ ತರಗತಿಗೆ ಒಪ್ಪಿಗೆ ಸಿಗಲು 2025 ಆಯಿತು. ಎಂಡೋಸಲ್ಫಾನ್ ಎಂಬ ಕೀಟನಾಶಕದ ಮಳೆ ಸುರಿದ ಜಿಲ್ಲೆ ಇದು. ದೊಡ್ಡ ಕಾಯಿಲೆ ಬಂದರೆ ಈಗಲೂ ತಲಪಾಡಿ ದಾಟಬೇಕು. 2020ರ ಮಾರ್ಚಿನಲ್ಲಿ, ಕೊರೋನಾ ಬಂದಾಗ, ಕರ್ನಾಟಕ ಆ ತಲಪಾಡಿಯ ಗಡಿಯನ್ನೇ ಮುಚ್ಚಿತು, ಗಡಿಯ ಬೇರೆ ರಸ್ತೆಗಳಿಗೆ ಮಣ್ಣು ಸುರಿಯಿತು. ಆಸ್ಪತ್ರೆಗೆ ಹೋಗಲಾಗದೆ ನಮ್ಮವರು ಸತ್ತರು. ಯಾವ ರಾಜ್ಯಕ್ಕೆ ಸೇರಬೇಕೆಂದು, ಗಡಿ ವಿವಾದದ ಮಹಾಜನ ಆಯೋಗದ ವರದಿ ಹಿಡಿದು ನಮ್ಮ ಹಿರಿಯರು ಬೀದಿಗಿಳಿದಿದ್ದರೋ ಆ ರಾಜ್ಯ ಅದು. ಆಗ ಮಣ್ಣಿನ ಗುಡ್ಡೆ, ಈಗ ಗೇಟು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಸಾಕಾಗಿದೆ, ಅಷ್ಟೇ.

ಪರಿಹಾರ ಇದೆಯಂತೆ, ಪಾಸು. ಗೇಟಿನಿಂದ 20 ಕಿಲೋಮೀಟರ್ ಒಳಗೆ ಮನೆ ಇದ್ದರೆ ತಿಂಗಳ ಪಾಸು ಮಾಡಿಸಿಕೊಳ್ಳಬಹುದು. ಇದ್ದ ಊರಲ್ಲೇ ಇರುವುದಕ್ಕೆ ತಿಂಗಳ ಬಾಡಿಗೆ. ಉಪ್ಪಳದವರಿಗೆ ಒಂದು ಪಾಸು ಸಾಲದು. ಬಡಗು ದಿಕ್ಕಿಗೆ ತಲಪಾಡಿಯದ್ದೊಂದು, ತೆಂಕಿಗೆ ಆರಿಕ್ಕಾಡಿಯದ್ದೊಂದು. ಪಡುವಕ್ಕೆ ಹೋಗಲು ಸದ್ಯಕ್ಕೆ ಪಾಸು ಬೇಡ, ಅಲ್ಲಿ ಸಮುದ್ರ ಇದೆ.